ಶಾನುಭೋಗರ ಕೈಬರಹದಿಂದ ಶಿರಾ ಗೇಟಿನ ಟೈಪಿಂಗ್ ಕ್ಲಾಸಿಗೆ

ಮೊನ್ನೆ ತುಮಕೂರಿಗೆ ಹೋಗಿದ್ದೆ. ಶಿರಾ ಗೇಟ್ ಹತ್ತಿರ ಟೀ ಕುಡಿಯೋಣ ಅಂತ ಕಾರು ನಿಲ್ಲಿಸಿದೆ. ಪಕ್ಕದಲ್ಲಿ ಒಂದು ಜೆರಾಕ್ಸ್ ಅಂಗಡಿ. ಅಲ್ಲೊಬ್ಬ ಹುಡುಗ ಕೈಯಲ್ಲಿ ಬರೆದ ಒಂದು ಹಾಳೆ ಹಿಡಿದು ನಿಂತಿದ್ದ. ಡಿಗ್ರಿ ಮುಗಿಸಿದವನು. ಯಾವುದೋ ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಡಬೇಕು, ಅಂಗಡಿಯವರು ಟೈಪ್ ಮಾಡಿಕೊಡಬೇಕು, ಪುಟಕ್ಕೆ ಇಷ್ಟು ಅಂತ ರೇಟು. ಮುಂದೆ ಐದಾರು ಜನ ಇದ್ದರು.

‘ನೀನೇ ಟೈಪ್ ಮಾಡ್ಕೋಬಹುದಲ್ಲಪ್ಪಾ?’ ಅಂದೆ.

‘ಇಂಗ್ಲಿಷ್ ಆದ್ರೆ ಹೆಂಗೋ ಮಾಡ್ತೀನಿ ಸಾರ್. ಕನ್ನಡ ಟೈಪಿಂಗ್ ಬರಲ್ಲ.’

‘ಹಂಗಾದ್ರೆ ಕೈಯಲ್ಲಿ ಬರೆದಿದ್ದೇ ಕೊಡು.’

‘ಅಕ್ಷರ ಚೆನ್ನಾಗಿಲ್ಲ ಸಾರ್. ಇದನ್ನ ಯಾರು ಓದ್ತಾರೆ?’

ನೋಡಿ ವೀಕ್ಷಕರೇ, ಕನ್ನಡ ಮಾತಾಡುತ್ತಾನೆ, ಕನ್ನಡದಲ್ಲೇ ಓದಿದ್ದಾನೆ, ಕೈಯಲ್ಲಿ ಡಿಗ್ರಿ ಇದೆ. ಆದರೆ ತನ್ನ ಅರ್ಜಿಯನ್ನು ಕನ್ನಡದಲ್ಲಿ ತಾನೇ ಸಿದ್ಧಮಾಡಲಾರ. ಇನ್ನೊಬ್ಬರ ಮುಂದೆ ನಿಂತು, ದುಡ್ಡು ಕೊಟ್ಟು ಬರೆಸಬೇಕು. ಟೀ ಆರಿಹೋಯ್ತು. ಯಾಕೆಂದರೆ ಇದೇ ಶಿರಾ ಗೇಟಿನ ಆಸುಪಾಸಿನಲ್ಲೇ, 1980ರ ದಶಕದಲ್ಲಿ, ನಾನು ಟೈಪಿಂಗ್ ಕಲಿತದ್ದು.

ಮಹಡಿ ಮೇಲೊಂದು ಉದ್ದನೆಯ ಕೋಣೆ. ಹತ್ತು ಹನ್ನೆರಡು ಮೆಷಿನ್ನು. ಬೆಳಗ್ಗೆ ಆರಕ್ಕೇ ಟಕಟಕ ಸದ್ದು ಶುರು. ಎ ಎಸ್ ಡಿ ಎಫ್, ಸೆಮಿಕೋಲನ್ ಎಲ್ ಕೆ ಜೆ. ಮೊದಲ ವಾರವೆಲ್ಲ ಇಷ್ಟೇ. ಕೀಲಿ ನೋಡಿದರೆ ಮೇಷ್ಟ್ರು ಸ್ಕೇಲಿನಿಂದ ಬೆರಳಿನ ಮೇಲೆ ತಟ್ಟುತ್ತಿದ್ದರು. ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬರುವ ಹುಡುಗರು, ಅವರಿಗಿಂತ ಹೆಚ್ಚಾಗಿ ಹುಡುಗಿಯರು. ಜೂನಿಯರ್ ಪಾಸು, ಸೀನಿಯರ್ ಪಾಸು ಅಂದರೆ ಮನೆಯಲ್ಲಿ ಹಬ್ಬ. ನಮ್ಮಕ್ಕ ಕನ್ನಡ, ಇಂಗ್ಲಿಷ್ ಎರಡೂ ಪಾಸು ಮಾಡಿದಳು. ಆ ಎರಡು ಸರ್ಟಿಫಿಕೇಟುಗಳೇ ಅವಳಿಗೆ ಸರ್ಕಾರಿ ಕೆಲಸ ಕೊಡಿಸಿದವು. ನಮ್ಮ ಮನೆಯಲ್ಲಿ ತಿಂಗಳ ಸಂಬಳ ಎಣಿಸಿದ ಮೊದಲ ಹೆಂಗಸು ಅವಳು.

ಕೈಬರಹ ಮೇಲೋ ಟೈಪಿಂಗ್ ಮೇಲೋ ಅಂತ ಈಗ ದಿನಾ ಚರ್ಚೆ ನಡೆಯುತ್ತದೆ. ಮುತ್ತು ಪೋಣಿಸಿದಂಥ ಅಕ್ಷರ ಹೋಯ್ತು, ಇಂಕು ಪೆನ್ನು ಹೋಯ್ತು, ಕಾಗದ ಬರೆಯೋರೇ ಇಲ್ಲ ಅಂತ ಕಣ್ಣೀರು. ಆ ಸಂಕಟ ನನಗೂ ಇದೆ. ಆದರೆ ಇತಿಹಾಸ ಇನ್ನೊಂದು ಪ್ರಶ್ನೆ ಕೇಳುತ್ತದೆ: ಬರಹ ಯಾರ ಕೈಯಲ್ಲಿತ್ತು?

ಶಿರಾ ಗೇಟ್ ಅನ್ನುವ ಹೆಸರಿನಿಂದಲೇ ಶುರು ಮಾಡೋಣ. ಈ ದಾರಿ ಹೋಗುವುದು ಶಿರಾಕ್ಕೆ. ಅದು ಇವತ್ತು ತಾಲ್ಲೂಕು ಕೇಂದ್ರ. ಆದರೆ 1687ರಲ್ಲಿ ಮೊಘಲರು ಅದನ್ನು ತಮ್ಮ ಒಂದು ಸುಬೆಯ ರಾಜಧಾನಿ ಮಾಡಿಕೊಂಡರು. ಆಗಿನ ಆಡಳಿತದ ಭಾಷೆ ಫಾರಸಿ. ದಫ್ತರ, ಶಿರಸ್ತೇದಾರ, ಜಮಾಬಂದಿ, ಅರ್ಜಿ, ವಕೀಲ, ಇಂಥ ಮಾತುಗಳನ್ನು ನಾವು ಕನ್ನಡವೆಂದೇ ಆಡುತ್ತೇವೆ. ಅವೆಲ್ಲ ಆ ಕಾಲದ ಆಡಳಿತಗಳು ಬಿಟ್ಟುಹೋದ ಗುರುತುಗಳು. ಹೊಲ ಉಳುವವನ ಭಾಷೆ ಒಂದು, ಹೊಲದ ಲೆಕ್ಕ ಬರೆಯುವವನ ಭಾಷೆ ಇನ್ನೊಂದು.

ಊರಿನ ಮಟ್ಟದಲ್ಲಿ ಲೆಕ್ಕ ಇಟ್ಟವರು ಶಾನುಭೋಗರು. ಅವರ ಹಳೆಯ ಪುಸ್ತಕ ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದು ಕಪ್ಪಗೆ ಮಾಡಿ, ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ‘ಕಡತ ವಿಲೇವಾರಿ’ ಅಂತ ಇವತ್ತಿಗೂ ಕಚೇರಿಗಳಲ್ಲಿ ಅನ್ನುತ್ತಾರಲ್ಲ, ಅದೇ ಕಡತ. ಆಮೇಲೆ ಕಾಗದ ಬಂತು, ಮಸಿ ಬಂತು. ಆದರೆ ಬರೆಯುವ ಕೈ ಬದಲಾಗಲಿಲ್ಲ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ. ಅಕ್ಷರಕ್ಕೆ ಅಕ್ಷರ ಕೂಡಿಸಿ, ಕೈ ಎತ್ತದೆ ಎಳೆದುಕೊಂಡು ಹೋಗುವ ಮೋಡಿ ಬರಹ. ಓದು ಬಲ್ಲವರಿಗೂ ಅದು ಸಲೀಸಲ್ಲ.

ಶಾನುಭೋಗರಲ್ಲಿ ಒಳ್ಳೆಯವರೂ ಇದ್ದರು, ಕೆಟ್ಟವರೂ ಇದ್ದರು. ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕೋದು ತಪ್ಪು. ನಾನು ಹೇಳುತ್ತಿರುವುದು ವ್ಯವಸ್ಥೆಯ ಮಾತು. ಎಕರೆ ಎಷ್ಟು, ಗುಂಟೆ ಎಷ್ಟು, ಅನುಭವದಲ್ಲಿ ಯಾರಿದ್ದಾರೆ ಅನ್ನೋದು ಒಬ್ಬರ ಕೈಬರಹದಲ್ಲಿತ್ತು. ನಮ್ಮಜ್ಜ ಸಹಿ ಹಾಕುವಷ್ಟು ಮಾತ್ರ ಕಲಿತವರು. ತನ್ನ ಹೊಲದ ಕಾಗದವನ್ನು ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರು. ಅದರಲ್ಲಿ ಏನಿದೆ ಅಂತ ಸಾಯೋವರೆಗೂ ಅವರು ಓದಲಿಲ್ಲ, ಓದಿಸಿ ಕೇಳಿದ್ದನ್ನು ನಂಬಿದರು. ಮೈಸೂರು ರಾಜ್ಯ 1961ರಲ್ಲಿ ಗ್ರಾಮಾಧಿಕಾರಗಳನ್ನು ರದ್ದು ಮಾಡುವ ಕಾನೂನು ತಂತು. 1963ರಲ್ಲಿ ಅದು ಜಾರಿಗೆ ಬಂತು. ವಂಶಪಾರಂಪರ್ಯದ ಹುದ್ದೆ ಹೋಯ್ತು. ಆದರೆ ಪಹಣಿ ಕೈಬರಹದಲ್ಲೇ ಉಳಿಯಿತು.

ಇನ್ನು ಯಂತ್ರದ ಕಥೆ. ಅಮೆರಿಕದಲ್ಲಿ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ರೂಪಿಸಿದ ಟೈಪ್‌ರೈಟರನ್ನು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರುಕಟ್ಟೆಗೆ ತಂತು. ಇಂಗ್ಲಿಷಿಗೆ 26 ಅಕ್ಷರ, ನಲವತ್ತು ಚಿಲ್ಲರೆ ಕೀಲಿಯೊಳಗೆ ಎಲ್ಲ ಮುಗಿಯುತ್ತದೆ. ಕನ್ನಡಕ್ಕೆ? ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಸಾವಿರಾರು ರೂಪ. ಕನ್ನಡಕ್ಕೆ ಟೈಪ್‌ರೈಟರ್ ಆಗೋದೇ ಇಲ್ಲ ಅಂದವರು ಬಹಳ ಜನ ಇದ್ದಿರಬೇಕು.

ಆಗುತ್ತದೆ ಅಂತ ತೋರಿಸಿದವರು ಕೆ. ಅನಂತ ಸುಬ್ಬರಾವ್. 1930ರ ದಶಕದಲ್ಲಿ ಅವರು ಕನ್ನಡದ ಕೀಲಿಮಣೆ ರೂಪಿಸಿದರು. ಉಪಾಯ ಏನು ಗೊತ್ತಾ? ಅಕ್ಷರವನ್ನು ತುಂಡು ಮಾಡೋದು. ಅಕ್ಷರದ ಒಡಲು ಬೇರೆ, ಕೊಂಬು ಬೇರೆ, ಇಳಿ ಬೇರೆ, ಒತ್ತು ಬೇರೆ. ಬೆರಳು ಅವನ್ನು ಕಾಗದದ ಮೇಲೆ ಮತ್ತೆ ಜೋಡಿಸಬೇಕು. ಸಾವಿರಾರು ರೂಪಗಳು ಕೆಲವೇ ತುಂಡುಗಳಲ್ಲಿ ಅಡಗಿದವು. ಕಚೇರಿಯಲ್ಲಿ ಕನ್ನಡ ಅನ್ನುವ ಮಾತಿಗೆ ಕೈಕಾಲು ಬಂದದ್ದು ಈ ಮೆಷಿನ್ನಿನಿಂದ. 1963ರಲ್ಲಿ ರಾಜ್ಯದ ಆಡಳಿತ ಭಾಷೆಯ ಕಾನೂನು ಬಂತು, ಸರಿ. ಕಾನೂನು ಹೇಳಿದರೆ ಸಾಕಾ? ಆದೇಶ ಹೊರಡಬೇಕು, ಅದಕ್ಕೆ ಕಾರ್ಬನ್ ಹಾಳೆ ಇಟ್ಟು ನಾಲ್ಕು ಪ್ರತಿ ತೆಗೆಯಬೇಕು. ಅದನ್ನು ಮಾಡಿದ್ದು ಟೈಪಿಸ್ಟುಗಳು.

ಅಲ್ಲಿಂದಲೇ ಊರೂರಿಗೆ ಟೈಪಿಂಗ್ ಕ್ಲಾಸು. ಇದರ ದೊಡ್ಡಸ್ತಿಕೆ ಒಂದೇ: ಮೆಷಿನ್ನು ನಿನ್ನ ಜಾತಿ ಕೇಳಲ್ಲ, ನಿಮ್ಮಪ್ಪ ಬರೆಯುತ್ತಿದ್ದನಾ ಅಂತ ಕೇಳಲ್ಲ, ನಿನ್ನ ಅಕ್ಷರ ದುಂಡಗಿದೆಯಾ ಅಂತಲೂ ಕೇಳಲ್ಲ. ಫೀಸು ಕಟ್ಟು, ಆರು ತಿಂಗಳು ಬೆರಳು ನೋಯಿಸಿಕೋ, ಪರೀಕ್ಷೆ ಬರಿ. ಶಾನುಭೋಗರ ಮಗ ಟೈಪ್ ಮಾಡಿದರೂ ಅದೇ ‘ಅ’, ಕೂಲಿಯವರ ಮಗಳು ಟೈಪ್ ಮಾಡಿದರೂ ಅದೇ ‘ಅ’.

ಕೈಬರಹದ ಪಹಣಿಯ ಕಾಲ ಮುಗಿದದ್ದು ‘ಭೂಮಿ’ ಯೋಜನೆಯಲ್ಲಿ. ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿದರು. ಒಂದೊಂದು ಸಾಲನ್ನೂ ಯಾರೋ ಕೂತು ಕನ್ನಡದಲ್ಲಿ ಟೈಪ್ ಮಾಡಿದ್ದಾರೆ, ಮರೀಬೇಡಿ. 2000ದ ಆಚೆ ಈಚೆ ತಾಲ್ಲೂಕು ಕಚೇರಿಗಳಲ್ಲಿ ಕಿಟಕಿ ತೆರೆಯಿತು. ರೈತ 15 ರೂಪಾಯಿ ಕೊಟ್ಟು ಪಹಣಿ ಪ್ರತಿ ತೆಗೆದುಕೊಂಡ. ಕೈಯಲ್ಲಿ ಬರೆದ ಪಹಣಿಗೆ ಮಾನ್ಯತೆ ಹೋಯಿತು. ಟೈಪಿಂಗಿನಲ್ಲಿ ಹೆಸರು ತಪ್ಪಿದ್ದು, ವಿಸ್ತೀರ್ಣ ತಪ್ಪಿದ್ದು ಉಂಟು, ತಿದ್ದುಪಡಿಗೆ ಅಲೆದದ್ದೂ ಉಂಟು. ಆದರೆ ತಪ್ಪು ಇದೆ ಅಂತ ರೈತನ ಮಗಳು ಓದಿ ಹೇಳಬಲ್ಲಳು. ನಮ್ಮಜ್ಜನಿಗೆ ಆ ಭಾಗ್ಯ ಇರಲಿಲ್ಲ.

ಕಂಪ್ಯೂಟರಿಗೆ ಸುಲಭದ ಕನ್ನಡ ಕೀಲಿಮಣೆ ಕೊಟ್ಟವರು ನಾಡೋಜ ಕೆ.ಪಿ. ರಾವ್. ಮಂಗಳೂರು ಕಡೆಯ ಕಿನ್ನಿಕಂಬಳದವರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಅಂತ ಹೆಸರಿಟ್ಟರು. ಅವರ ಕೀಲಿಮಣೆಯ ಲೆಕ್ಕ ಎಷ್ಟು ಸರಳ ನೋಡಿ. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’. ‘ಕನಕ’ ಅಂತ ಬರೆಯೋಕೆ ಮೂರೇ ಏಟು. ಅದನ್ನೇ ಇಂಗ್ಲಿಷ್ ಸ್ಪೆಲಿಂಗ್ ಹೊಡೆದು ಕನ್ನಡ ಮಾಡಲು ಹೋದರೆ ಆರು ಏಟು! ಸರ್ಕಾರ ಈ ಕೀಲಿಮಣೆಯನ್ನೇ ಮಾನ್ಯ ಮಾಡಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಇರುವುದೂ ಇದೇ.

ಇತ್ತ ಹಳೇ ಮೆಷಿನ್ನು ಕಣ್ಣು ಮುಚ್ಚಿತು. ಗೋದ್ರೆಜ್ ಕಂಪನಿ 1955ರಿಂದ ನಮ್ಮ ದೇಶದಲ್ಲೇ ಟೈಪ್‌ರೈಟರ್ ಮಾಡುತ್ತಿತ್ತು. ಪುಣೆ ಹತ್ತಿರದ ಶಿರ್ವಾಳದ ಕಾರ್ಖಾನೆಯಲ್ಲಿ 2009ರ ಹೊತ್ತಿಗೆ ತಯಾರಿಕೆ ನಿಂತುಹೋಯ್ತು. ಶಿರಾ ಗೇಟಿನಿಂದ ಶಿರಾ, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ ದಾಟಿ ಹೋದರೆ ಆ ಶಿರ್ವಾಳ ಸಿಗೋದು ಇದೇ ಹೆದ್ದಾರಿಯಲ್ಲಿ. ಮೆಷಿನ್ನಿನ ಜೊತೆಗೇ ಬಹಳಷ್ಟು ಟೈಪಿಂಗ್ ಕ್ಲಾಸುಗಳೂ ಬಾಗಿಲು ಹಾಕಿದವು. ನಾನು ಕಲಿತ ಮಹಡಿಯಲ್ಲಿ ಈಗ ಮೊಬೈಲ್ ರಿಪೇರಿ.

ನಷ್ಟ ಆಗಿದ್ದು ಇಲ್ಲೇ ಸ್ವಾಮಿ. ಯಂತ್ರ ಹೋದರೆ ಹೋಗಲಿ, ಕಲಿಸುವ ಜಾಗವೂ ಹೋಯಿತು. ಅದರ ಬದಲಿಗೆ ಏನು ಬಂತು? ಪ್ರತಿಯೊಬ್ಬರ ಜೇಬಿನಲ್ಲೂ ಕೀಬೋರ್ಡು ಬಂತು, ಹತ್ತು ಬೆರಳಿಗೆ ಪಾಠ ಹೇಳುವ ಮೇಷ್ಟ್ರು ಬರಲಿಲ್ಲ. ಮಕ್ಕಳು ಎರಡು ಹೆಬ್ಬೆರಳಿನಲ್ಲಿ ‘ಊಟ ಆಯ್ತಾ’ ಅನ್ನೋದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಾರೆ. ‘ಫೋನಿಗೆ ಹೇಳಿದರೆ ಅದೇ ಬರೆಯುತ್ತೆ’ ಅಂತೀರಾ? ಬರೆಯುತ್ತೆ. ಬರೆದಿದ್ದರಲ್ಲಿ ತಪ್ಪಿದ್ದರೆ ತಿದ್ದೋದು ಯಾವ ಬೆರಳಿನಿಂದ?

ಹಾಗಂತ ಪೆನ್ನು ಎಸೆಯಿರಿ ಅಂತ ನಾನು ಹೇಳುತ್ತಿಲ್ಲ. 2014ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಮ್ಯುಲರ್ ಮತ್ತು ಓಪನ್‌ಹೈಮರ್, ಒಂದು ಅಧ್ಯಯನ ಪ್ರಕಟಿಸಿದರು. ಲ್ಯಾಪ್‌ಟಾಪಿನಲ್ಲಿ ನೋಟ್ಸ್ ಮಾಡಿದವರು ಕೇಳಿದ್ದನ್ನು ಹಾಗೆಹಾಗೇ ಇಳಿಸಿಕೊಂಡಿದ್ದರು. ಪೆನ್ನು ಹಿಡಿದವರು ಅರ್ಥ ಮಾಡಿಕೊಂಡು, ಚಿಕ್ಕದು ಮಾಡಿ ಬರೆದಿದ್ದರು. ವಿಷಯ ತಿಳಿದಿದೆಯಾ ಅಂತ ಕೇಳುವ ಪ್ರಶ್ನೆಗಳಲ್ಲಿ ಪೆನ್ನಿನವರೇ ಮುಂದಿದ್ದರು. ಆಮೇಲಿನ ಪ್ರಯೋಗಗಳಲ್ಲಿ ಈ ಅಂತರ ಅಷ್ಟು ದೊಡ್ಡದಾಗಿ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೂ ಮಗು ‘ಅ’ ತಿದ್ದಬೇಕಾದದ್ದು ಕೈಯಲ್ಲೇ. ಅಕ್ಕಿಯ ಮೇಲೆ ಬೆರಳಾಡಿಸಿ ತಾನೇ ನಾವೆಲ್ಲ ಶುರು ಮಾಡಿದ್ದು?

ನನ್ನ ಮಾತು ಇಷ್ಟೇ. ಕೈಬರಹ ಕಲಿಯೋದು ತನಗಾಗಿ, ಟೈಪಿಂಗ್ ಕಲಿಯೋದು ನಾಲ್ಕು ಜನಕ್ಕೆ ತನ್ನ ಮಾತು ಮುಟ್ಟಿಸೋಕೆ. ಎರಡನ್ನೂ ಕಲಿಸದೆ ಬಿಟ್ಟರೆ ಮತ್ತೆ ಹಳೇ ಕಾಲವೇ ಬರುತ್ತದೆ: ಬರೆಯಬಲ್ಲವನೊಬ್ಬ, ಅವನ ಮುಂದೆ ಕೈ ಕಟ್ಟಿ ನಿಂತವರು ಹತ್ತು ಜನ. ಹಿಂದೆ ಶಾನುಭೋಗರ ಜಗಲಿ, ಈಗ ಜೆರಾಕ್ಸ್ ಅಂಗಡಿ. ಅಂಗಡಿಯವರನ್ನು ನಾನು ದೂರೋದಿಲ್ಲ, ಅವರು ಕಲಿತಿದ್ದಾರೆ, ದುಡಿಯುತ್ತಿದ್ದಾರೆ. ನಾನು ಕೇಳುತ್ತಿರೋದು ಶಾಲೆಗಳನ್ನು. ಹೈಸ್ಕೂಲಿನಲ್ಲಿ ವಾರಕ್ಕೆ ಒಂದು ಪಿರಿಯಡ್ಡು ಕನ್ನಡ ಕೀಲಿಮಣೆಗೆ ಕೊಡೋಕೆ ಆಗೋದಿಲ್ವಾ? ಹಣೆಪಟ್ಟಿ ಕಟ್ಟಿಕೊಂಡು ಸ್ಮಾರ್ಟ್ ಕ್ಲಾಸ್ ಉದ್ಘಾಟನೆ ಮಾಡುವಷ್ಟು ಖರ್ಚೇನೂ ಇದಕ್ಕಿಲ್ಲ.

ಆ ಹುಡುಗನ ಪಾಳಿ ಬರುವವರೆಗೂ ನಿಂತಿದ್ದೆ. ಅಂಗಡಿಯ ಹೆಣ್ಣುಮಗಳು ಕೀಬೋರ್ಡ್ ನೋಡದೆ, ಅವನ ಹಾಳೆ ನೋಡುತ್ತಾ, ಐದೇ ನಿಮಿಷದಲ್ಲಿ ಮುಗಿಸಿದಳು. ‘ಎಲ್ಲಿ ಕಲಿತ್ಯಮ್ಮಾ?’ ಅಂದೆ. ‘ಇಲ್ಲೇ ಸಾರ್, ನಮ್ಮಮ್ಮ ಹೇಳಿಕೊಟ್ರು. ಅವರು ಸೀನಿಯರ್ ಪಾಸು’ ಅಂದಳು. ಹುಡುಗ ತನ್ನ ಅರ್ಜಿ ತಗೊಂಡು ಎರಡು ಸಲ ಓದಿದ. ಅಪ್ಪನ ಹೆಸರಿನಲ್ಲಿ ಒಂದು ಒತ್ತು ಬಿಟ್ಟುಹೋಗಿತ್ತು. ತೋರಿಸಿದ. ಅವಳು ಒಂದು ಕೀಲಿ ಒತ್ತಿ ಸರಿಮಾಡಿದಳು.