ವಾಣಿಜ್ಯ ಕಟ್ಟಡಗಳ ಯೂರಿನಲ್

ಯೂರಿನಲ್ ಎಂಬುದು ಪುರುಷರು ನಿಂತು ಮೂತ್ರ ವಿಸರ್ಜನೆ ಮಾಡಲು ಬಳಸುವ ನೈರ್ಮಲ್ಯ ಸಾಧನ. ಕಚೇರಿ, ಹೋಟೆಲು, ಚಿತ್ರಮಂದಿರ, ಮಾಲ್, ಮಾರುಕಟ್ಟೆ, ಆಸ್ಪತ್ರೆ ಮೊದಲಾದ ಕಟ್ಟಡಗಳ ಶೌಚಾಲಯಗಳಲ್ಲಿ ಇದನ್ನು ಅಳವಡಿಸಲಾಗುತ್ತದೆ. ಕಮೋಡಿಗಿಂತ ಕಡಿಮೆ ಜಾಗ ಹಾಗೂ ಕಡಿಮೆ ನೀರು ಸಾಕಾಗುವುದು ಇದರ ಮುಖ್ಯ ಅನುಕೂಲ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳನ್ನು ಒಳಗೊಂಡ ಉತ್ತರ ಬೆಂಗಳೂರಿನಲ್ಲಿ ಯಾವ ಬಗೆಯ ಯೂರಿನಲ್ ಸೂಕ್ತ ಎಂಬುದನ್ನು ಬಹುಮಟ್ಟಿಗೆ ಎರಡು ಸಂಗತಿಗಳು ನಿರ್ಧರಿಸುತ್ತವೆ: ಕಟ್ಟಡಕ್ಕೆ ಬರುವ ನೀರು ಯಾವುದು, ಮತ್ತು ಅದನ್ನು ದಿನವೂ ಶುಚಿಗೊಳಿಸುವವರಿಗೆ ಏನನ್ನು ಹೇಳಿಕೊಡಲಾಗಿದೆ.

ವಾಸನೆ ಹುಟ್ಟುವ ಬಗೆ

ಆರೋಗ್ಯವಂತರ ಮೂತ್ರಕ್ಕೆ ವಿಸರ್ಜನೆಯ ವೇಳೆ ತೀಕ್ಷ್ಣ ವಾಸನೆ ಇರುವುದಿಲ್ಲ. ಅದು ಬೋಗುಣಿಯಲ್ಲಿ, ಕೊಳವೆಯಲ್ಲಿ ಅಥವಾ ನೆಲದ ಮೇಲೆ ಉಳಿದಾಗ ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದ ಮೂಲಕ ಅದರಲ್ಲಿನ ಯೂರಿಯಾವನ್ನು ವಿಭಜಿಸಿ ಅಮೋನಿಯವನ್ನು ಬಿಡುಗಡೆ ಮಾಡುತ್ತವೆ. ಇದರಿಂದ ದ್ರವದ ಕ್ಷಾರತೆ ಏರುತ್ತದೆ. ಕರಗಿದ ಸ್ಥಿತಿಯಲ್ಲಿದ್ದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಫಾಸ್ಫೇಟ್ ರೂಪದಲ್ಲಿ ಹೆಪ್ಪುಗಟ್ಟುತ್ತವೆ. ಯೂರಿನಲ್‌ನ ಜಾಲರಿಯ ಸುತ್ತ ಕಾಣುವ ಹಳದಿ-ಕಂದು ಬಣ್ಣದ ಗಟ್ಟಿ ಪದರ ಇದೇ. ಈ ಪದರ ಒರಟಾಗಿರುವುದರಿಂದ ಬ್ಯಾಕ್ಟೀರಿಯಾಗಳು ಅದರಲ್ಲಿ ಮತ್ತಷ್ಟು ನೆಲೆಗೊಳ್ಳುತ್ತವೆ. ಪದರವನ್ನು ತೆಗೆಯದೆ ಸುಗಂಧ ಸಿಂಪಡಿಸಿದರೆ ವಾಸನೆ ಕೆಲವು ನಿಮಿಷಗಳ ಮಟ್ಟಿಗೆ ಮರೆಯಾಗುತ್ತದೆ, ಅಷ್ಟೆ.

ನೀರು ಗಡಸಾಗಿದ್ದರೆ, ಅಂದರೆ ಅದರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚಾಗಿದ್ದರೆ, ಪದರ ಇನ್ನೂ ಬೇಗ ಬೆಳೆಯುತ್ತದೆ. ಕೊಳವೆಬಾವಿಯ ನೀರನ್ನು ನೆಚ್ಚಿದ ಕಟ್ಟಡಗಳಲ್ಲಿ ಹೊಸ ಯೂರಿನಲ್ ಕೆಲವೇ ತಿಂಗಳುಗಳಲ್ಲಿ ಹಳತಾದಂತೆ ಕಾಣಲು ಇದು ಕಾರಣ.

ಉತ್ತರ ಬೆಂಗಳೂರಿನ ನೀರು

ನಗರಕ್ಕೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಲ್ಪಟ್ಟು ಬರುತ್ತದೆ. ಯಲಹಂಕ ಮತ್ತು ಬ್ಯಾಟರಾಯನಪುರ ನಗರಸಭೆಗಳು 2007ರಲ್ಲಿ ಮಹಾನಗರ ಪಾಲಿಕೆಯಲ್ಲಿ ವಿಲೀನಗೊಂಡವು. ಅದೇ ವೇಳೆ ಪಾಲಿಕೆಗೆ ಸೇರಿದ 110 ಹಳ್ಳಿಗಳು ದೀರ್ಘಕಾಲ ಕೊಳವೆಬಾವಿ ಹಾಗೂ ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡಿದ್ದವು. ಈ ಹಳ್ಳಿಗಳಿಗಾಗಿ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಬೇಸಿಗೆಯ ತೀವ್ರ ಅಭಾವದಲ್ಲಿ ಜಲಮಂಡಳಿಯು ವಾಣಿಜ್ಯ ಸಂಸ್ಥೆಗಳ ನಲ್ಲಿಗಳಿಗೆ ಏರೇಟರ್ ಅಳವಡಿಸುವುದನ್ನು ಕಡ್ಡಾಯಗೊಳಿಸಿತ್ತು. ಕೈತೊಳೆಯುವ ನಲ್ಲಿಯಲ್ಲಿ ಉಳಿಸಿದ ನೀರು ಪಕ್ಕದ ಗೋಡೆಯ ಹಳೆಯ ಯೂರಿನಲ್‌ನಲ್ಲಿ ಹರಿದುಹೋಗುವ ಕಟ್ಟಡಗಳಿಗೇನೂ ಕೊರತೆಯಿಲ್ಲ.

ಮೂರನೆಯ ಮೂಲವೆಂದರೆ ಸಂಸ್ಕರಿಸಿದ ಕೊಳಚೆನೀರು. ಯಲಹಂಕದಲ್ಲಿ ಜಲಮಂಡಳಿಯ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ ಮೂರನೇ ಹಂತದ ಶುದ್ಧೀಕರಣ ಘಟಕವಿದೆ. ದೊಡ್ಡ ಟೆಕ್ ಪಾರ್ಕ್‌ಗಳು ತಮ್ಮದೇ ಘಟಕದ ನೀರನ್ನು ಪ್ರತ್ಯೇಕ ಕೊಳವೆಯ ಮೂಲಕ ಫ್ಲಶ್‌ಗೆ ಬಳಸುತ್ತವೆ. ಘಟಕದ ನಿರ್ವಹಣೆ ಸಡಿಲವಾದರೆ ಫ್ಲಶ್ ಮಾಡಿದ ನೀರೇ ವಾಸನೆ ಬೀರುತ್ತದೆ. ಯೂರಿನಲ್ ಬದಲಿಸಿದರೂ ದೂರು ತಪ್ಪುವುದಿಲ್ಲ.

ವಿಧಗಳು

ಹಳೆಯ ಚಿತ್ರಮಂದಿರ ಮತ್ತು ಬಸ್ ನಿಲ್ದಾಣಗಳಲ್ಲಿ ಬಿಳಿ ಟೈಲ್ಸ್ ಗೋಡೆ, ಅದರ ಬುಡದಲ್ಲೊಂದು ಚರಂಡಿ ಇರುವ ಸಾಲು ಮೂತ್ರಾಲಯ ಸಾಮಾನ್ಯ. ನಿರ್ಮಾಣ ಅಗ್ಗವಾದರೂ ಟೈಲ್ಸ್‌ಗಳ ಸಂದಿಯ ಸಿಮೆಂಟು ಮೂತ್ರವನ್ನು ಹೀರಿಕೊಳ್ಳುವುದರಿಂದ ಹೊಸ ಕಟ್ಟಡಕ್ಕೆ ಇದು ತಕ್ಕುದಲ್ಲ.

ಈಗ ಹೆಚ್ಚು ಬಳಕೆಯಲ್ಲಿರುವುದು ಗೋಡೆಗೆ ತೂಗುಹಾಕುವ ಪಿಂಗಾಣಿ ಬೋಗುಣಿ. ಇದರ ಗುಣಮಟ್ಟವನ್ನು ಭಾರತೀಯ ಮಾನಕ ಬ್ಯೂರೋದ ಐಎಸ್ 2556ರ 6ನೇ ಭಾಗ ನಿರೂಪಿಸುತ್ತದೆ. ಆರಿಸುವಾಗ ಹೊಳಪಿನ ಲೇಪ ಒಳಬದಿಯಲ್ಲೂ ಅಂಚಿನ ಕೆಳಗೂ ಅಖಂಡವಾಗಿದೆಯೇ, ಕೈಗೆಟುಕದ ಸಂದಿಗಳಿವೆಯೇ ಎಂದು ನೋಡಬೇಕು. ಬೋಗುಣಿ ಆಳವಾಗಿದ್ದು ಹಿಂಬದಿ ಹೆಚ್ಚು ಓರೆಯಾಗಿದ್ದರೆ ಹನಿ ಸಿಡಿಯುವುದು ಕಡಿಮೆ. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಬೋಗುಣಿಯೊಳಗೆ ನೊಣದ ಚಿತ್ರ ಮುದ್ರಿಸಿದ್ದು ಸಿಡಿತವನ್ನು ತಗ್ಗಿಸಲೆಂದೇ. ಗುರಿ ಕಂಡರೆ ಜನ ಗುರಿಯಿಡುತ್ತಾರೆ ಎಂಬ ಆ ಉಪಾಯವನ್ನು ಅರ್ಥಶಾಸ್ತ್ರದ ಪುಸ್ತಕಗಳೂ ಉದಾಹರಿಸುತ್ತವೆ.

ಫ್ಲಶ್ ವ್ಯವಸ್ಥೆಯಲ್ಲಿ ಒತ್ತುವ ವಾಲ್ವ್ ಸರಳ ಮತ್ತು ದುರಸ್ತಿಗೆ ಸುಲಭ. ಆದರೆ ಅನೇಕರು ಅದನ್ನು ಮುಟ್ಟಲು ಹಿಂಜರಿದು ಹಾಗೆಯೇ ಹೋಗುತ್ತಾರೆ. ಸೆನ್ಸರ್ ವಾಲ್ವ್‌ಗೆ ಕೈ ತಾಗಿಸಬೇಕಿಲ್ಲ. ಗಡಸು ನೀರಿನಲ್ಲಿ ಅದರ ಚಿಕ್ಕ ಸೋಸುಬಲೆ ಕಟ್ಟಿಕೊಳ್ಳುತ್ತದೆ, ಬ್ಯಾಟರಿ ಮುಗಿದಾಗ ಫ್ಲಶ್ಶೇ ನಿಲ್ಲುತ್ತದೆ. ಆರ್.ಟಿ. ನಗರದಂಥ ಕಡೆಯ ಚಿಕ್ಕ ದರ್ಶಿನಿಗೆ ಒತ್ತುವ ವಾಲ್ವ್, ನಿರ್ವಹಣಾ ಸಿಬ್ಬಂದಿ ಇರುವ ದೊಡ್ಡ ಕಚೇರಿಗೆ ಸೆನ್ಸರ್ ಎಂಬ ವಿಂಗಡಣೆ ಸಮಂಜಸ. ನಿಗದಿತ ಅವಧಿಗೊಮ್ಮೆ ತಾನಾಗಿ ನೀರು ಸುರಿಸುವ ಹಳೆಯ ತೊಟ್ಟಿಗಳು ರಾತ್ರಿ, ರಜಾದಿನವೆನ್ನದೆ ಹರಿಸುತ್ತಲೇ ಇರುತ್ತವೆ.

ನೀರುರಹಿತ ಯೂರಿನಲ್

ಇವುಗಳಲ್ಲಿ ಫ್ಲಶ್ ಇರುವುದಿಲ್ಲ. ಸಾಧಾರಣ ಯೂರಿನಲ್‌ನಲ್ಲಿ ಕೊಳವೆಯ ಬಾಗಿನಲ್ಲಿ ನಿಂತ ನೀರು ಚರಂಡಿಯ ಅನಿಲವನ್ನು ತಡೆದರೆ, ಇಲ್ಲಿ ಆ ಕೆಲಸವನ್ನು ಮೂತ್ರಕ್ಕಿಂತ ಹಗುರವಾದ ತೈಲದ ಪದರ, ರಬ್ಬರ್ ಪೊರೆ ಅಥವಾ ತೇಲುವ ಚೆಂಡು ಮಾಡುತ್ತದೆ. ದೆಹಲಿಯ ಐಐಟಿಯಲ್ಲಿ ಪ್ರಾಧ್ಯಾಪಕ ವಿಜಯರಾಘವನ್ ಚಾರಿಯರ್ ಅವರ ಸಂಶೋಧನೆಯಿಂದ ಮೂಡಿದ ‘ಝೀರೋಡೋರ್’ ಸಾಮಾನ್ಯ ಪಿಂಗಾಣಿ ಬೋಗುಣಿಗೇ ಅಳವಡಿಸಬಹುದಾದ ಸಾಧನ.

ನೀರಿನ ಕೊರತೆಯಿರುವ ನಗರಕ್ಕೆ ಇದು ಹೇಳಿ ಮಾಡಿಸಿದಂತೆ ತೋರುತ್ತದೆ. ಆದರೂ ಇದು ವಿಫಲವಾಗುವುದು ಹೆಚ್ಚಾಗಿ ಒಂದೇ ರೀತಿಯಲ್ಲಿ: ಶುಚಿಗೊಳಿಸುವವರು ರೂಢಿಯಂತೆ ಒಂದು ಬಕೆಟ್ ನೀರು ಸುರಿಯುತ್ತಾರೆ, ತೈಲ ಕೊಚ್ಚಿಹೋಗುತ್ತದೆ, ಮರುದಿನದಿಂದ ನಾತ ಶುರುವಾಗುತ್ತದೆ. ತಪ್ಪು ಅವರದಲ್ಲ, ಬೋಗುಣಿಯನ್ನು ಬಟ್ಟೆಯಿಂದ ಒರೆಸಬೇಕೆಂದು ಯಾರೂ ಹೇಳಿರುವುದಿಲ್ಲ. ಕಾರ್ಟ್ರಿಜ್ ಬದಲಿಸುವ ವೆಚ್ಚವನ್ನು ವಾರ್ಷಿಕ ಲೆಕ್ಕದಲ್ಲಿ ಸೇರಿಸದ ಕಟ್ಟಡಗಳಿಗೆ ಕಡಿಮೆ ನೀರಿನ ಫ್ಲಶ್ ಯೂರಿನಲ್ಲೇ ಲೇಸು. ನೀರು ಬೆರೆಯದ ಮೂತ್ರ ತಾಮ್ರದ ಕೊಳವೆಯನ್ನು ಕೊರೆಯುವುದರಿಂದ ಪಿವಿಸಿ ಕೊಳವೆ, ಮೀಟರಿಗೆ ಸುಮಾರು 2 ಸೆಂ.ಮೀ. ಇಳಿಜಾರು ಅಗತ್ಯ.

ಸಂಖ್ಯೆ ಮತ್ತು ನೀರಿನ ಲೆಕ್ಕ

ಐಎಸ್ 1172 ಸಂಹಿತೆಯಂತೆ ಕಚೇರಿಗಳಲ್ಲಿ 7ರಿಂದ 20 ಪುರುಷರಿಗೆ 1, 21ರಿಂದ 45ಕ್ಕೆ 2, 46ರಿಂದ 70ಕ್ಕೆ 3, 71ರಿಂದ 100ಕ್ಕೆ 4 ಯೂರಿನಲ್ ಬೇಕು. ಅಮೆರಿಕದಲ್ಲಿ 1992ರ ಶಾಸನವು ಒಂದು ಫ್ಲಶ್‌ಗೆ 3.8 ಲೀಟರ್ ಮಿತಿ ವಿಧಿಸಿತು. ಅಲ್ಲಿನ ‘ವಾಟರ್‌ಸೆನ್ಸ್’ ಗುರುತಿಗೆ 1.9 ಲೀಟರ್ ಮಿತಿ. ಈಗ 1 ಲೀಟರಿನ ಮಾದರಿಗಳೂ ದೊರೆಯುತ್ತವೆ.

ಉದಾಹರಣೆಗೆ 45 ಪುರುಷರಿರುವ ಕಚೇರಿಯಲ್ಲಿ ತಲಾ 3 ಬಾರಿಯಂತೆ ದಿನಕ್ಕೆ 135 ಫ್ಲಶ್ ಆಗುತ್ತವೆ ಎಂದುಕೊಂಡರೆ, 3.8 ಲೀಟರಿನ ಯೂರಿನಲ್‌ಗೆ ದಿನಕ್ಕೆ 513 ಲೀಟರ್, 1 ಲೀಟರಿನದಕ್ಕೆ 135 ಲೀಟರ್ ಬೇಕು. ವರ್ಷದ 300 ಕೆಲಸದ ದಿನಗಳಿಗೆ ವ್ಯತ್ಯಾಸ 1,13,400 ಲೀಟರ್, ಅಂದರೆ 6,000 ಲೀಟರಿನ ಸುಮಾರು 19 ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ 5 ಕಿ.ಮೀ. ಒಳಗಿನ ಇಂಥ ಒಂದು ಟ್ಯಾಂಕರಿಗೆ 600 ರೂಪಾಯಿ ದರ ಗೊತ್ತುಪಡಿಸಿತ್ತು. ಆ ದರದಲ್ಲಿ ಉಳಿತಾಯ ವರ್ಷಕ್ಕೆ 11,000 ರೂಪಾಯಿಗೂ ಮಿಕ್ಕು.

ಅಳವಡಿಕೆ

ಬೋಗುಣಿಯ ಮುಂಚಾಚಿದ ಅಂಚು ನೆಲದಿಂದ 60ರಿಂದ 65 ಸೆಂ.ಮೀ. ಎತ್ತರದಲ್ಲಿರುವುದು ರೂಢಿ. ಮಕ್ಕಳಿಗೂ ಗಾಲಿಕುರ್ಚಿ ಬಳಸುವವರಿಗೂ ಅನುಕೂಲವಾಗುವಂತೆ ಒಂದನ್ನಾದರೂ ಸುಮಾರು 43 ಸೆಂ.ಮೀ. ಎತ್ತರದಲ್ಲಿ, ಹಿಡಿಗಂಬಿಯೊಂದಿಗೆ ಅಳವಡಿಸಬೇಕು. ಎರಡು ಯೂರಿನಲ್‌ಗಳ ನಡುವೆ ಅಡ್ಡ ಫಲಕವಿಲ್ಲದಿದ್ದರೆ ಅನೇಕರು ಒಂದನ್ನು ಬಿಟ್ಟು ಇನ್ನೊಂದರ ಬಳಿ ನಿಲ್ಲುತ್ತಾರೆ. ಆಗ ನಾಲ್ಕಿದ್ದರೂ ಎರಡೇ ಬಳಕೆಯಾಗುತ್ತವೆ.

ವಾಸನೆಯ ದೊಡ್ಡ ಪಾಲು ಬೋಗುಣಿಯಿಂದಲ್ಲ, ಅದರ ಕೆಳಗಿನ ನೆಲದಿಂದ ಬರುತ್ತದೆ. ಅಲ್ಲಿ ಚಿಕ್ಕ ಟೈಲ್ಸ್‌ಗಿಂತ ಸಂದಿಯಿಲ್ಲದ ಒಂದೇ ಗ್ರಾನೈಟ್ ಚಪ್ಪಡಿ ಉತ್ತಮ. ದೀರ್ಘ ರಜೆಯಲ್ಲಿ ನೆಲದ ಟ್ರ್ಯಾಪ್‌ನ ನೀರು ಆವಿಯಾಗಿ ಚರಂಡಿಯ ಅನಿಲ ಒಳನುಗ್ಗುವುದರಿಂದ ಬಾಗಿಲು ತೆರೆಯುವ ದಿನ ಮೊದಲು ಅದಕ್ಕೆ ನೀರು ಹಾಕಬೇಕು.

ಶುಚಿತ್ವ ಮತ್ತು ಕಾರ್ಮಿಕರ ಸುರಕ್ಷತೆ

ಜಾಲರಿಯ ಮೇಲೆ ನುಸಿಗುಳಿಗೆ ಇಡುವ ಪದ್ಧತಿ ವ್ಯಾಪಕ. ಅದು ವಾಸನೆಯನ್ನು ಮರೆಮಾಚುತ್ತದೆಯೇ ಹೊರತು ಶುಚಿಗೊಳಿಸುವುದಿಲ್ಲ. ಅದರಲ್ಲಿರುವ ನ್ಯಾಫ್ತಲೀನ್ ಆವಿ ಆರೋಗ್ಯಕ್ಕೆ ಹಿತವೂ ಅಲ್ಲ. ಲವಣದ ಪದರ ಆಮ್ಲದಲ್ಲಿ ಕರಗುವುದರಿಂದ ಸಿಟ್ರಿಕ್ ಆಮ್ಲದ ದ್ರಾವಣವನ್ನು ರಾತ್ರಿ ಹಚ್ಚಿ ಬೆಳಿಗ್ಗೆ ಉಜ್ಜುವುದು ಸಾಕು. ವಾರಕ್ಕೊಮ್ಮೆ ಹೀಗೆ ಮಾಡಿದರೆ ಪದರ ದಪ್ಪವಾಗುವುದಿಲ್ಲ. ದಪ್ಪವಾಗಲು ಬಿಟ್ಟ ಕಡೆಗಳಲ್ಲಿ ತೀಕ್ಷ್ಣ ಹೈಡ್ರೋಕ್ಲೋರಿಕ್ ಆಮ್ಲ ಸುರಿಯಲಾಗುತ್ತದೆ. ಅದು ಟೈಲ್ಸ್ ಸಂದಿಯನ್ನೂ ಕಬ್ಬಿಣದ ಜಾಲರಿಯನ್ನೂ ತಿನ್ನುತ್ತದೆ.

ಆಮ್ಲದ ಜೊತೆ ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಬೆರೆಸಬಾರದು: ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಮೂತ್ರ ಕಟ್ಟಿಕೊಂಡಿರುವ ಬೋಗುಣಿಗೆ ಬ್ಲೀಚಿಂಗ್ ಪುಡಿ ಹಾಕಿದರೂ ಅಮೋನಿಯದೊಂದಿಗೆ ಸೇರಿ ಕ್ಲೋರಮೀನ್ ಎಂಬ, ಕಣ್ಣು ಮತ್ತು ಶ್ವಾಸನಾಳವನ್ನು ಉರಿಸುವ ಅನಿಲ ಉಂಟಾಗುತ್ತದೆ. ಕಿಟಕಿಯಿಲ್ಲದ ನೆಲಮಾಳಿಗೆಯ ಶೌಚಾಲಯಗಳಲ್ಲಿ ಅಪಾಯ ಇನ್ನೂ ಹೆಚ್ಚು. ಎರಡು ದ್ರಾವಣಗಳನ್ನು ಬೇರೆ ಬೇರೆ ದಿನ ಬಳಸುವಂತೆ, ಗಾಳಿ ಹೊರಹಾಕುವ ಫ್ಯಾನ್ ಚಾಲೂ ಇರುವಾಗ ಮಾತ್ರ ಆಮ್ಲ ಬಳಸುವಂತೆ, ಕೈಗವಸು ಧರಿಸುವಂತೆ ಕನ್ನಡದಲ್ಲೂ ಕೆಲಸಗಾರರಿಗೆ ತಿಳಿಯುವ ಇತರ ಭಾಷೆಯಲ್ಲೂ ಬರೆದ ಫಲಕವನ್ನು ಶೌಚಾಲಯದ ಸಾಮಾನು ಕೋಣೆಯಲ್ಲಿ ತೂಗುಹಾಕಬೇಕು.