ಎರೆನೆಲದ ಸಸ್ಯವರ್ಗ: ವರ್ಗೀಕರಣ ನಡೆದುಬಂದ ದಾರಿ

ಬಿತ್ತದೆ, ನೆಡದೆ, ಆಯಾ ನೆಲಕ್ಕೂ ಹವಾಮಾನಕ್ಕೂ ಹೊಂದಿಕೊಂಡು ತಾನಾಗಿ ಬೆಳೆಯುವ ಗಿಡ, ಮರ, ಹುಲ್ಲುಗಳ ಸಮುದಾಯವನ್ನು ನೈಸರ್ಗಿಕ ಸಸ್ಯವರ್ಗವೆನ್ನುತ್ತಾರೆ. ಭಾರತದಂತಹ ಉಷ್ಣವಲಯದ ದೇಶದಲ್ಲಿ ಅದು ಎಷ್ಟು ಕಡಿಮೆ ಅಂತರದಲ್ಲಿ ಬದಲಾಗುತ್ತದೆಂಬುದಕ್ಕೆ ಧಾರವಾಡ ಜಿಲ್ಲೆ ನಿದರ್ಶನ. ಪಶ್ಚಿಮಕ್ಕೆ ಕಲಘಟಗಿಯ ಕಡೆ ಸಾಗವಾನಿ, ಮತ್ತಿ, ದಿಂಡಲಗಳ ಎಲೆಯುದುರುವ ಕಾಡಿದ್ದರೆ, ಹುಬ್ಬಳ್ಳಿಯನ್ನು ದಾಟಿ ಕುಂದಗೋಳಕ್ಕೆ ಬರುವಷ್ಟರಲ್ಲಿ ಕಾಡು ಮುಗಿದು ಹತ್ತಿ, ಮೆಣಸಿನಕಾಯಿ, ಬಿಳಿಜೋಳ, ಕಡಲೆಗಳ ಎರೆಹೊಲಗಳು ಹರಡಿಕೊಳ್ಳುತ್ತವೆ. ಬದುಗಳ ಮೇಲೆ ಅಲ್ಲಲ್ಲಿ ಕರಿಜಾಲಿ, ಬನ್ನಿ, ಬೇವು ಉಳಿದಿವೆ. ಈ ಬಯಲಿಗೆ ಸಸ್ಯವಿಜ್ಞಾನವು ಕೊಡುತ್ತ ಬಂದ ಹೆಸರುಗಳನ್ನು ಕ್ರಮವಾಗಿ ನೋಡಿದರೆ, ಅವುಗಳಲ್ಲಿ ಬಹುಪಾಲು ಕಾಡಿನ ಅಂಚಿನಲ್ಲಿ ನಿಂತು ಬಯಲನ್ನು ನೋಡಿದವರು ಕೊಟ್ಟವು ಎಂಬುದು ತಿಳಿಯುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೆಲಸ ಮುಖ್ಯವಾಗಿ ಪಟ್ಟಿ ಮಾಡುವುದಾಗಿತ್ತು. ಡಾಲ್ಜೆಲ್ ಮತ್ತು ಗಿಬ್ಸನ್ ಅವರ ಮುಂಬಯಿ ಸಸ್ಯಸಂಪತ್ತಿನ ಗ್ರಂಥ 1861ರಲ್ಲಿ ಬಂದಿತು. ಹೂಕರ್ ಸಂಪಾದಿಸಿದ ಬ್ರಿಟಿಷ್ ಭಾರತದ ಸಸ್ಯಕೋಶದ ಏಳು ಸಂಪುಟಗಳು 1872ರಿಂದ 1897ರವರೆಗೆ ಪ್ರಕಟವಾದವು. ಥಿಯೊಡೋರ್ ಕುಕ್ 1901ರಿಂದ 1908ರ ನಡುವೆ ಹೊರತಂದ ಮುಂಬಯಿ ಪ್ರಾಂತದ ಸಸ್ಯಕೋಶದಲ್ಲಿ ಧಾರವಾಡದ ಗಿಡಗಳು ದಕ್ಷಿಣ ಮರಾಠಾ ಪ್ರದೇಶ ಎಂಬ ಶೀರ್ಷಿಕೆಯಡಿ ಬರುತ್ತವೆ, ಕೆನರಾಕ್ಕೆ ಪ್ರತ್ಯೇಕ ಸ್ಥಾನವಿದೆ. ಉತ್ತರ ಕನ್ನಡದ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಾಲ್ಬಟ್ 1909-11ರಲ್ಲಿ ಪ್ರಕಟಿಸಿದ ಅರಣ್ಯ ಸಸ್ಯಕೋಶವು, ಹೆಸರೇ ಹೇಳುವಂತೆ, ಮರಗಿಡಗಳದು. ಕುಂದಗೋಳವು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದು, ನಾಟಾ ಸಿಗದ ಇಂತಹ ಊರಿನ ಹುಲ್ಲನ್ನು ಕೇಳುವವರು ಕಡಿಮೆಯಿದ್ದರು.

ಜಾತಿಗಳ ಪಟ್ಟಿಯಿಂದ ಸಮುದಾಯಗಳ ವಿಂಗಡಣೆಗೆ ವಿದ್ಯೆಯನ್ನು ತಿರುಗಿಸಿದವರು ಡೆಹರಾಡೂನಿನ ಎಚ್. ಜಿ. ಚಾಂಪಿಯನ್. ಅವರು 1936ರಲ್ಲಿ ಭಾರತ ಮತ್ತು ಬರ್ಮಾದ ಅರಣ್ಯ ಮಾದರಿಗಳನ್ನು ಮುಖ್ಯವಾಗಿ ಮಳೆ ಮತ್ತು ಉಷ್ಣತೆಯ ಆಧಾರದ ಮೇಲೆ ವಿಂಗಡಿಸಿದರು, ಎಸ್. ಕೆ. ಸೇಠ್ ಅವರೊಡನೆ 1968ರಲ್ಲಿ ಪರಿಷ್ಕರಿಸಿದ ಆವೃತ್ತಿಯಲ್ಲಿ 16 ಮಾದರಿ ಗುಂಪುಗಳಿದ್ದು, ಅರಣ್ಯ ಇಲಾಖೆಗಳು ಇಂದಿಗೂ ಬಳಸುವುದು ಅದನ್ನೇ. ಇದರ ಬೆನ್ನೆಲುಬು ಪರಾಕಾಷ್ಠೆಯ ಕಲ್ಪನೆ: ಮನುಷ್ಯ, ದನ, ಬೆಂಕಿಗಳ ಹಾವಳಿ ನಿಂತರೆ ಒಂದು ಹವಾಮಾನದಲ್ಲಿ ಕೊನೆಗೆ ಯಾವ ಸಮುದಾಯ ನೆಲೆನಿಲ್ಲುತ್ತದೋ ಅದೇ ಅಲ್ಲಿನ ಸಹಜ ಸಸ್ಯವರ್ಗ. ಆಗುಂಬೆಯಂತಹ, ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆಯ ಜಾಗದಲ್ಲಿ ಈ ಲೆಕ್ಕ ಚೆನ್ನಾಗಿ ಕೂಡುತ್ತದೆ. ಬಯಲುಸೀಮೆಯಲ್ಲಿ ಅದು ಎಡವುತ್ತದೆ. ಅಲ್ಲಿನ ಹುಲ್ಲುಗಾವಲೆಲ್ಲ ಹಾಳಾದ ಕಾಡೆಂದೇ ಲೆಕ್ಕಕ್ಕೆ ಬೀಳುತ್ತದೆ.

ಆದರೆ ಚಾಂಪಿಯನ್ ಮತ್ತು ಸೇಠ್ ಮಳೆಯನ್ನಷ್ಟೇ ನಂಬಿ ಕುಳಿತವರಲ್ಲ. ಒಣ ಎಲೆಯುದುರುವ ಕಾಡುಗಳ ಗುಂಪಿನಲ್ಲಿ ಮಣ್ಣಿನ ಗುಣದಿಂದಲೇ ರೂಪುಗೊಳ್ಳುವ ಕೆಲವು ಮಾದರಿಗಳನ್ನು ಅವರು ಬೇರೆಯಾಗಿ ಗುರುತಿಸಿದ್ದು, ಅವುಗಳಲ್ಲಿ ಕರಿಜಾಲಿಯ ಕಾಡೂ ಒಂದು. ಕುಂದಗೋಳದ ಎರೆಮಣ್ಣನ್ನು ಬೇಸಿಗೆಯಲ್ಲಿ ನೋಡಿದರೆ ಇದರ ಅರ್ಥವಾಗುತ್ತದೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ ಈ ಜೇಡಿಯು ಮಾರ್ಚ್‌ನಿಂದ ಮುಂದೆ ಕುಗ್ಗಿ, ಕೈ ಇಳಿಯುವಷ್ಟು ಅಗಲವಾಗಿ ಬಿರಿಯುತ್ತದೆ. ಬಿರಿಯುವಾಗ ಮೇಲ್ಪದರದ ಎಳೆಬೇರುಗಳು ಹರಿದುಹೋಗುತ್ತವೆ. ತಾಯಿಬೇರನ್ನು ಆಳಕ್ಕೆ ಇಳಿಸುವ ಕರಿಜಾಲಿಯೂ ಬನ್ನಿಯೂ ಇಲ್ಲಿ ಬದುಕುತ್ತವೆ, ಒಂದೇ ಮಳೆಗಾಲದಲ್ಲಿ ಬಾಳು ಮುಗಿಸುವ ಹುಲ್ಲೂ ಬದುಕುತ್ತದೆ; ಸಸಿಯಾಗಿ ಬಹುಕಾಲ ನಿಧಾನವಾಗಿ ಬೆಳೆಯಬೇಕಾದ ಮರಗಳಿಗೆ ಕಷ್ಟ. ಕುಂಟೆಗೂ ಚಕ್ಕಡಿಗೂ ಜಾಲಿಯ ಕಟ್ಟಿಗೆಯನ್ನೇ ನೆಚ್ಚಿದ ರೈತರು ಬದುವಿನ ಮೇಲೆ ಅದನ್ನು ಉಳಿಸಿಕೊಂಡದ್ದರಿಂದ, ಇಂದು ಕಾಣುವ ಜಾಲಿಯಲ್ಲಿ ಮಣ್ಣಿನ ಪಾಲೆಷ್ಟು, ಒಕ್ಕಲುತನದ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ.

ಮಳೆಯ ಒಟ್ಟು ಮೊತ್ತಕ್ಕಿಂತ ಒಣ ತಿಂಗಳುಗಳ ಸಂಖ್ಯೆ ಮುಖ್ಯವೆಂದು ತೋರಿಸಿದವರು 1955ರಲ್ಲಿ ಸ್ಥಾಪನೆಯಾದ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು. ಒಂದು ತಿಂಗಳ ಮಳೆಯು ಮಿ.ಮೀ. ಲೆಕ್ಕದಲ್ಲಿ ಆ ತಿಂಗಳ ಸರಾಸರಿ ಉಷ್ಣತೆಯ ಎರಡು ಪಟ್ಟಿಗಿಂತ ಕಡಿಮೆಯಿದ್ದರೆ, ಅಂದರೆ 25 ಡಿಗ್ರಿಯ ತಿಂಗಳಲ್ಲಿ 50 ಮಿ.ಮೀ. ಮುಟ್ಟದಿದ್ದರೆ, ಅದು ಒಣ ತಿಂಗಳೆಂಬುದು ಗೋಸೆನ್ ಅವರ ಸೂತ್ರ. ಮುಂಗಾರಿ, ಹಿಂಗಾರಿ ಎಂದು ಮಳೆಯನ್ನು ಎರಡಾಗಿ ಎಣಿಸುವ ಸೀಮೆಗೆ ಈ ಕ್ರಮ ಹೆಚ್ಚು ಒಪ್ಪುತ್ತದೆ. ಗೋಸೆನ್, ಲೆಗ್ರಿ, ಮೆಹರ್-ಹೋಮ್ಜಿ ಮೊದಲಾದವರು 1960ರ ದಶಕದಲ್ಲಿ ಹತ್ತು ಲಕ್ಷಕ್ಕೆ ಒಂದರ ಪ್ರಮಾಣದ ನಕ್ಷೆಗಳನ್ನು ರಚಿಸಿದರು. 1980ರ ದಶಕದಲ್ಲಿ ಪಾಸ್ಕಲ್ ಅವರ ಎರಡೂವರೆ ಲಕ್ಷಕ್ಕೆ ಒಂದರ ಅರಣ್ಯ ನಕ್ಷೆಗಳು ಬಂದವು. ಅವು ಮತ್ತೆ ಘಟ್ಟದ ನಕ್ಷೆಗಳೇ.

ಹುಲ್ಲಿಗೆ ಅದರದೇ ಗ್ರಂಥ ದೊರೆತದ್ದು 1973ರಲ್ಲಿ. ದಬಡಘಾವ್ ಮತ್ತು ಶಂಕರನಾರಾಯಣ್ ದೇಶದ ಹುಲ್ಲುಹೊದಿಕೆಯನ್ನು ಐದು ಬಗೆಯಾಗಿ ವಿಂಗಡಿಸಿ, ದಖ್ಖನ್ನಿನ ಬಯಲನ್ನು ಸೆಹಿಮಾ-ಡೈಕ್ಯಾಂಥಿಯಂ ಎಂಬ, ಎರಡು ಪ್ರಧಾನ ಹುಲ್ಲುಗಳ ಹೆಸರಿನ ವರ್ಗಕ್ಕೆ ಸೇರಿಸಿದರು. ಅವರೂ ಇದನ್ನು ಕಾಡು ಕಡಿದ ಮೇಲಿನ ಹಂತವೆಂದೇ ಭಾವಿಸಿದ್ದರು. ಆ ನಂಬಿಕೆಯನ್ನು ನೇರವಾಗಿ ಪ್ರಶ್ನಿಸಿದ್ದು ಬೆಂಗಳೂರಿನ ಜಯಶ್ರೀ ರತ್ನಂ ಮತ್ತು ಸಂಗಡಿಗರ 2011ರ ಲೇಖನ: ನೆಲದ ಮೇಲೆ ನಿರಂತರ ಹುಲ್ಲಿದ್ದು ನಡುನಡುವೆ ಮರಗಳಿರುವ ಸವನ್ನಾವನ್ನು ಕಾಡೆಂದು ಕರೆದರೆ ಅದರ ನಿರ್ವಹಣೆಯೇ ತಪ್ಪುತ್ತದೆಂಬುದು ಅವರ ವಾದ. ಹಳೆಯ ಧಾರವಾಡ ಜಿಲ್ಲೆಗೇ ಸೇರಿದ್ದ ರಾಣೆಬೆನ್ನೂರಿನಲ್ಲಿ, ಕೃಷ್ಣಮೃಗಕ್ಕೆಂದು ಕಾದಿರಿಸಿದ 119 ಚ.ಕಿ.ಮೀ. ಧಾಮದ ಒಳಗೇ ನೀಲಗಿರಿ ನೆಡುತೋಪುಗಳಿರುವುದನ್ನು ಕಂಡವರಿಗೆ ಈ ವಾದ ಬರಿಯ ಪಾಂಡಿತ್ಯವೆನಿಸದು.

ಪಿ. ಎಸ್. ರಾಯ್ ಮತ್ತು ಸಂಗಡಿಗರು 2015ರಲ್ಲಿ ಉಪಗ್ರಹಚಿತ್ರಗಳಿಂದ ಸಿದ್ಧಪಡಿಸಿದ ನಕ್ಷೆಯು 100 ಸಸ್ಯವರ್ಗಗಳನ್ನು ತೋರಿಸುತ್ತದೆ. ಅದಕ್ಕೆ ಬಳಸಿದ ಚಿತ್ರಗಳ ಒಂದೊಂದು ಚೌಕವೂ ನೆಲದ ಮೇಲೆ ಸುಮಾರು 23.5 ಮೀಟರು. ಕುಂದಗೋಳದಲ್ಲಿ ಸಹಜ ಸಸ್ಯವರ್ಗ ಉಳಿದಿರುವುದು ಬದುವಿನಲ್ಲಿ, ಗಾಯರಾಣದ ತುಂಡಿನಲ್ಲಿ, ಬೆಣ್ಣೆಹಳ್ಳದ ದಂಡೆಯಲ್ಲಿ. ಅಲ್ಲಿಗೂ ಬಳ್ಳಾರಿಜಾಲಿ ನುಗ್ಗುತ್ತಿದೆ. ಇಷ್ಟು ಕಿರಿದಾದ ಪಟ್ಟಿಗಳು ಆ ಚೌಕದೊಳಗೆ ಕರಗಿ, ಬೇಸಾಯದ ಭೂಮಿಯೆಂದೇ ದಾಖಲಾಗುತ್ತವೆ. ಅವುಗಳನ್ನು ಕಾಲ್ನಡಿಗೆಯಲ್ಲೇ ಅಳೆಯಬೇಕು. ಹುಲ್ಲಿನ ಜಾತಿ ಖಚಿತವಾಗಲು ತೆನೆ ಬೇಕು, ತೆನೆ ಮೂಡುವುದು ಹಿಂಗಾರಿ ಬಿತ್ತನೆಯ ಆಸುಪಾಸಿನಲ್ಲಿ, ಬದುವಿನ ಹುಲ್ಲು ದನಗಳಿಗೆಂದು ಕೊಯಿಲಾಗುವುದೂ ಅದೇ ದಿನಗಳಲ್ಲಿ.