ಟೇಕ್ಯನ್: ಕೊರಿಯದ ಒಂದು ಕಾಲಾಟದ ಚರಿತ್ರೆ

ಕೊರಿಯ ಎಂದೊಡನೆ ನಮ್ಮವರ ನೆನಪಿಗೆ ಬರುವ ಸಮರಕಲೆ ಟೇಕ್ವಾಂಡೋ. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಪ್ರದರ್ಶನವಾಗಿ ಕಾಣಿಸಿಕೊಂಡು, 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಪದಕದ ಸ್ಪರ್ಧೆಯಾದ ಈ ಆಟ ಈಗ ನಮ್ಮ ಪೇಟೆಗಳ ಶಾಲೆಗಳಿಗೂ ಬಂದಿದೆ. ಆದರೆ ಟೇಕ್ವಾಂಡೋ ಎಂಬ ಹೆಸರು ಹುಟ್ಟಿದ್ದು 1955ರಲ್ಲಿ. ಅದನ್ನು ಕಟ್ಟಿದ ಮೊದಲ ತಲೆಮಾರಿನ ಗುರುಗಳಲ್ಲಿ ಹಲವರು ಜಪಾನಿನಲ್ಲಿ ಕರಾಟೆ ಕಲಿತು ಬಂದವರು. ಸೇನಾಧಿಕಾರಿ ಚೋಯ್ ಹೋಂಗ್ ಹಿ ಮುಂದಿಟ್ಟ ಆ ಹೆಸರು ದನಿಯಲ್ಲಿ ಇನ್ನೊಂದು ಹಳೆಯ ಆಟದ ಹೆಸರಿಗೆ ಹತ್ತಿರವಾಗಿತ್ತು. ಆ ಹಳೆಯ ಆಟವೇ ಟೇಕ್ಯನ್. ಹೊಸತು ಲೋಕಪ್ರಸಿದ್ಧವಾಗುತ್ತಿದ್ದ ದಿನಗಳಲ್ಲೇ ಹಳೆಯದು ಬಹುಮಟ್ಟಿಗೆ ಒಬ್ಬ ಮುದುಕನ ನೆನಪಿನಲ್ಲಿ ಮಾತ್ರ ಉಳಿದಿತ್ತು ಎಂಬುದು ವಿಚಿತ್ರವಾದರೂ ನಿಜ.

ಕಳರಿಪಯಟ್ಟನ್ನು ಕಂಡು ಬಲ್ಲ ನಮ್ಮ ಓದುಗರಿಗೆ ಟೇಕ್ಯನ್ ಮೊದಲ ನೋಟಕ್ಕೆ ಕಾಳಗವೆಂದೇ ತೋರಲಾರದು. ಆಯುಧವಿಲ್ಲ. ಸಡಿಲವಾದ ಬಿಳಿಯ ಉಡುಪು ತೊಟ್ಟ ಇಬ್ಬರು ಎದುರುಬದುರಾಗಿ ನಿಂತು, ಮಂಡಿಯನ್ನು ಮೆಲ್ಲಗೆ ಬಾಗಿಸಿ ಎತ್ತುತ್ತ, ಕುಣಿತದ ಲಯದಲ್ಲಿ ಹೆಜ್ಜೆ ಬದಲಿಸುತ್ತಿರುತ್ತಾರೆ. ಈ ಹೆಜ್ಜೆಗಾರಿಕೆಗೆ 'ಪೂಮ್ ಬಾಲ್ಪ್‌ಕಿ' ಎಂದು ಹೆಸರು. ಚೀನೀ ಲಿಪಿಯ 'ಪೂಮ್' ಎಂಬ ಅಕ್ಷರದಲ್ಲಿ ಮೂರು ಚೌಕಗಳಿವೆ, ಮೇಲೊಂದು, ಕೆಳಗೆರಡು. ಆ ತ್ರಿಕೋನವನ್ನು ನೆಲದ ಮೇಲೆ ಕಲ್ಪಿಸಿಕೊಂಡು ಅದರ ಮೂಲೆಗಳನ್ನು ತುಳಿಯುವುದೇ ಟೇಕ್ಯನ್ನಿನ ಮೊದಲ ಪಾಠ. ಹೆಜ್ಜೆಯ ನಡುವೆ 'ಇಕ್', 'ಎಕ್' ಎಂಬ ಉದ್ಗಾರ ಹೊಟ್ಟೆಯಿಂದ ಹೊರಡುತ್ತದೆ. ಈ ತೂಗಾಟ ಸೊಗಸಿಗಾಗಿ ಮಾತ್ರ ಇರುವುದಲ್ಲ. ದೇಹದ ಭಾರ ಯಾವ ಕಾಲಿನ ಮೇಲಿದೆ, ಮುಂದಿನ ಒದೆತ ಎಲ್ಲಿಂದ ಬರಲಿದೆ ಎಂಬುದು ಎದುರಾಳಿಗೆ ತಿಳಿಯದಂತೆ ಅದು ಮರೆಮಾಡುತ್ತದೆ.

ಪಂದ್ಯದ ನಿಯಮ ಸರಳ. ಎದುರಾಳಿಯನ್ನು ಕಾಲಿನಿಂದ ತೊಡರಿಸಿಯೋ ಕೈಯಿಂದ ಎಳೆದು ತಳ್ಳಿಯೋ ನೆಲಕ್ಕೆ ಬೀಳಿಸಿದರೆ ಗೆಲುವು. ಮುಖಕ್ಕೆ ಕಾಲು ತಾಗಿಸಿದರೂ ಗೆಲುವೇ. ಆದರೆ ಒದೆತ ಎಲುಬು ಮುರಿಯುವ ಪೆಟ್ಟಾಗಿರಬಾರದು. ತಳ್ಳಿ ಕೆಡಹುವ ಬಲವಾಗಿರಬೇಕು. ಇನ್ನೊಂದು ಕಟ್ಟಳೆ ಇನ್ನೂ ಸ್ವಾರಸ್ಯಕರ. ಆಟಗಾರ ತನ್ನ ಒಂದು ಕಾಲನ್ನು ಎದುರಾಳಿಗೆ ಎಟಕುವಂತೆ ಮುಂದೆ ಇಟ್ಟಿರಲೇಬೇಕು. ಅತಿಥಿಸತ್ಕಾರಕ್ಕೆ ಬಳಸುವ 'ತೇಜೊಪ್' ಎಂಬ ಶಬ್ದವೇ ಇದರ ಹೆಸರು. ದೂರ ನಿಂತು ತಪ್ಪಿಸಿಕೊಳ್ಳುವವನಿಗೆ ಇಲ್ಲಿ ಮರ್ಯಾದೆಯಿಲ್ಲ.

ಹಿಂದೆ ಸೋಲ್ ನಗರದಲ್ಲಿ ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಪಂದ್ಯ ನಡೆಯುತ್ತಿತ್ತು. ಚಾಂದ್ರಮಾನದ ಐದನೆಯ ತಿಂಗಳ ಐದನೆಯ ದಿನ ಬರುವ ದಾನೊ ಹಬ್ಬ ಅದಕ್ಕೆ ಹೇಳಿಮಾಡಿಸಿದ ಕಾಲ. ಮೊದಲು ಮಕ್ಕಳು, ಆಮೇಲೆ ದೊಡ್ಡವರು ಕಣಕ್ಕಿಳಿಯುತ್ತಿದ್ದರು. ಗೆದ್ದವನು ಕಣದಲ್ಲೇ ನಿಲ್ಲುತ್ತಿದ್ದ. ಸೋತವನ ಕೇರಿಯಿಂದ ಮುಂದಿನವನು ಬರಬೇಕಾಗಿತ್ತು. ಯು ಸುಕ್ ಎಂಬ ಕಲಾವಿದನದೆನ್ನಲಾದ, 1846ರ ಕಾಲಸೂಚನೆಯುಳ್ಳ 'ತೇಕ್ವೇದೊ' ಚಿತ್ರದಲ್ಲಿ ಇಂಥದೇ ನೋಟವಿದೆ. ಕೋಟೆಗೋಡೆಯ ಬಳಿ ಒಂದು ಜೋಡಿ ಕುಸ್ತಿಯಲ್ಲಿ, ಇನ್ನೊಂದು ಜೋಡಿ ಟೇಕ್ಯನ್ನಿನಲ್ಲಿ ತೊಡಗಿದೆ. ಸುತ್ತ ಎಲ್ಲ ವರ್ಗದ ಜನ ಕೂತಿದ್ದಾರೆ. ಮಿಠಾಯಿ ಮಾರುವವನೂ ಇದ್ದಾನೆ.

ಇದರ ಮೂಲವೆಲ್ಲಿ? ಅಭಿಮಾನಿಗಳು ಗೊಗುರ್ಯೊ ರಾಜ್ಯದ ಗೋರಿಗಳತ್ತ ಬೆರಳು ತೋರಿಸುತ್ತಾರೆ. ಕ್ರಿ.ಶ. 357ರ ಬರಹವಿರುವ ಆನಾಕ್‌ನ ಮೂರನೆಯ ಗೋರಿಯ ಭಿತ್ತಿಚಿತ್ರದಲ್ಲಿ ಇಬ್ಬರು ಬರಿಗೈಯಲ್ಲಿ ಎದುರುಬದುರಾಗಿ ನಿಂತಿರುವುದು ನಿಜ. ಆದರೆ ಅವರು ಆಡುತ್ತಿರುವುದು ಟೇಕ್ಯನ್ ಎಂದು ಆ ಗೋಡೆ ಹೇಳುವುದಿಲ್ಲ. ಗೊರ್ಯೊ ಕಾಲಕ್ಕೆ ಬಂದರೆ 'ಸುಬಾಕ್' ಎಂಬ ಕೈಕಾಳಗದ ಉಲ್ಲೇಖ ಸ್ಪಷ್ಟವಾಗಿಯೇ ಇದೆ. 1170ರಲ್ಲಿ ದೊರೆ ಉಯ್‌ಜೋಂಗ್ ತನ್ನ ಪರಿವಾರದೊಂದಿಗೆ ಹೊರಟಿದ್ದಾಗ ಸುಬಾಕ್ ಪಂದ್ಯ ಏರ್ಪಡಿಸಿದ. ಅಲ್ಲಿ ಹಿಂಜರಿದ ಒಬ್ಬ ವೃದ್ಧ ಸೇನಾನಿಯ ಕೆನ್ನೆಗೆ ಒಬ್ಬ ಪಂಡಿತ ಅಧಿಕಾರಿ ಹೊಡೆದ. ಬಹುಕಾಲದಿಂದ ಅವಮಾನ ನುಂಗಿದ್ದ ಸೈನಿಕರು ಅಂದೇ ದಂಗೆಯೆದ್ದು ರಾಜ್ಯವನ್ನು ವಶಪಡಿಸಿಕೊಂಡರು. ಮುಂದೆ ಜೊಸೊನ್ ಕಾಲದಲ್ಲಿ, 1410ರಲ್ಲಿ, ಸೈನಿಕರ ಆಯ್ಕೆಗೆ ಸುಬಾಕ್ ಒಂದು ಪರೀಕ್ಷೆಯಾಗಿತ್ತು.

ಸುಬಾಕ್‌ಗೂ ಟೇಕ್ಯನ್ನಿಗೂ ನಂಟು ಹೇಳುವ ಆಧಾರ ದೊರೆಯುವುದು ಬಹಳ ತಡವಾಗಿ. 1798ರ 'ಜೆಮುಲ್ಬೊ' ಎಂಬ ಶಬ್ದಸಂಗ್ರಹದಲ್ಲಿ ಕೈಕಾಳಗದ ಚೀನೀ ಶಬ್ದಕ್ಕೆ ಅರ್ಥ ಕೊಡುವಾಗ, ಇದು ಈಗಿನ 'ತಾಕ್ಯನ್' ಎಂದು ಕೊರಿಯದ ಸ್ವಂತ ಲಿಪಿಯಲ್ಲಿ ಬರೆದಿದೆ. ಗಮನಿಸಬೇಕಾದ ವಿಷಯವೆಂದರೆ, ಕೇವಲ ಎಂಟು ವರ್ಷ ಹಿಂದೆ, 1790ರಲ್ಲಿ, ದೊರೆ ಜೊಂಗ್‌ಜೊನ ಆಜ್ಞೆಯಂತೆ ಸಿದ್ಧವಾದ 'ಮುಯೆದೊಬೊತೋಂಗ್‌ಜಿ' ಎಂಬ ಸಚಿತ್ರ ಯುದ್ಧವಿದ್ಯಾ ಗ್ರಂಥದ 24 ವಿದ್ಯೆಗಳಲ್ಲಿ ಟೇಕ್ಯನ್ ಇಲ್ಲ. ಅರಮನೆಯ ಪುಸ್ತಕಕ್ಕೆ ಅದು ಸೇರಲಿಲ್ಲ. ಅದು ಬೀದಿಯ ಆಟ. 1925ರಲ್ಲಿ ಅಚ್ಚಾದ ಚೋಯ್ ಯಂಗ್‌ನ್ಯನ್‌ನ 'ಹೇದೋಂಗ್ ಜುಕ್ಜಿ' ಈ ಆಟದಲ್ಲಿ ನಿಪುಣನಾದವನು ಎದುರಾಳಿಯ ಜುಟ್ಟನ್ನೇ ಕಾಲಿನಿಂದ ಹೊಡೆಯಬಲ್ಲನೆಂದೂ, ಸೇಡಿಗಾಗಿ, ಹೆಣ್ಣನ್ನು ಪಣವಿಡುವುದಕ್ಕಾಗಿ ಇದನ್ನು ಬಳಸುತ್ತಿದ್ದುದರಿಂದ ಅಧಿಕಾರಿಗಳು ನಿಷೇಧಿಸಿದರೆಂದೂ ತಿಳಿಸುತ್ತದೆ.

1910ರಲ್ಲಿ ಜಪಾನ್ ಕೊರಿಯವನ್ನು ಕಬಳಿಸಿತು. ಜನ ಗುಂಪುಗೂಡುವ ಆಟಗಳನ್ನು ಹೊಸ ಆಡಳಿತ ಸಂಶಯದಿಂದ ಕಂಡಿತು. ಶಾಲೆಗಳಿಗೆ ಜೂಡೋ, ಕೆಂಡೋ ಬಂದವು. ಕೊನೆಕೊನೆಗೆ ಶಾಲೆಯಿಂದ ಕೊರಿಯನ್ ಭಾಷೆಯೇ ಹೊರಬಿತ್ತು. 1940ರಿಂದ ಜಪಾನೀ ಹೆಸರಿಟ್ಟುಕೊಳ್ಳುವ ಒತ್ತಾಯವೂ ಬಂತು. 1945ರಲ್ಲಿ ಬಿಡುಗಡೆಯಾಗಿ, ಮತ್ತೆ 1950ರಿಂದ 53ರ ತನಕ ಯುದ್ಧ ನಡೆದು ನಿಂತಾಗ, ಟೇಕ್ಯನ್ ಬಲ್ಲವರನ್ನು ಹುಡುಕಬೇಕಾಗಿತ್ತು.

ಸಿಕ್ಕವರು ಸೋಂಗ್ ದೊಕ್‌ಗಿ. 1893ರಲ್ಲಿ ಸೋಲ್‌ನ ಸಾಜಿಕ್ ಕೇರಿಯಲ್ಲಿ ಹುಟ್ಟಿ, ಬಾಲ್ಯದಲ್ಲಿ ಇಮ್ ಹೋ ಎಂಬ ಗುರುವಿನಿಂದ ಕಲಿತವರು. ಅವರಿಂದ ಕಲಿತವರಲ್ಲಿ ಒಬ್ಬರು 1928ರಲ್ಲಿ ಹುಟ್ಟಿದ, ಚುಂಗ್‌ಜು ಊರಿನಲ್ಲಿ ನೆಲೆಸಿದ ಶಿನ್ ಹಾನ್‌ಸುಂಗ್. ಸೋಂಗ್ ಕಲಿಸುತ್ತಿದ್ದುದಕ್ಕೆ ಪಾಠಕ್ರಮವಿರಲಿಲ್ಲ. ಎದುರು ನಿಂತು ಆಡಿಸಿ ಕಲಿಸುವುದೇ ಅವರ ಕ್ರಮ. ಸರಕಾರದ ಮಾನ್ಯತೆಗಾಗಿ ಶ್ರಮಿಸಿದ ಶಿನ್ ಅದನ್ನೆಲ್ಲ ವಿಂಗಡಿಸಿ, ಹೆಸರು ಕೊಟ್ಟು, ಹಂತಹಂತವಾಗಿ ಜೋಡಿಸಿದರು. 1983ರ ಜೂನ್ 1ರಂದು ಟೇಕ್ಯನ್ 76ನೆಯ ಪ್ರಮುಖ ಅಮೂರ್ತ ಸಾಂಸ್ಕೃತಿಕ ಆಸ್ತಿ ಎಂದು ಘೋಷಿತವಾಯಿತು. ಇಬ್ಬರೂ ಅದರ ಅಧಿಕೃತ ವಾರಸುದಾರರಾದರು. ನಾಲ್ಕೇ ವರ್ಷಗಳ ಬಳಿಕ, 1987ರ ಜುಲೈ ತಿಂಗಳಲ್ಲಿ, ಶಿಷ್ಯನೂ ಗುರುವೂ ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು. ಆ ಘೋಷಣೆ ಇನ್ನೈದು ವರ್ಷ ತಡವಾಗಿದ್ದರೆ ಏನಾಗುತ್ತಿತ್ತೆಂದು ಊಹಿಸಬಹುದು. 2011ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂದು ಟೇಕ್ಯನ್ ಹೆಸರಿನಲ್ಲಿ ಹಲವು ಸಂಘಗಳಿವೆ. ಶಿನ್ ಜೋಡಿಸಿದ ಕ್ರಮವೇ ಸರಿಯೆಂದು ಕೆಲವರು, ಸೋಂಗ್ ಆಡಿಸಿದ ಬಿಡುಬೀಸಾದ ಆಟವೇ ನಿಜವೆಂದು ಇನ್ನು ಕೆಲವರು ವಾದಿಸುತ್ತಾರೆ. ಎರಡು ವಾದಗಳಲ್ಲೂ ಹುರುಳಿದೆ. ಕ್ರಮವಿಲ್ಲದಿದ್ದರೆ ಕಲೆ ಮಾನ್ಯತೆ ಪಡೆಯುತ್ತಿರಲಿಲ್ಲ. ಕ್ರಮಕ್ಕೆ ಸಿಕ್ಕಿದಾಗ ಅದರ ಬೀದಿಯ ಗುಣ ಸ್ವಲ್ಪ ಕಳೆದೂ ಹೋಯಿತು. ಆದರೆ ಇದಕ್ಕೆ ಎರಡು ಸಾವಿರ ವರ್ಷಗಳ ವಂಶಾವಳಿಯನ್ನು ಹೊಲಿಯುವ ಉತ್ಸಾಹದಲ್ಲಿ, ಕಣ್ಣೆದುರಿಗಿರುವ ಎಪ್ಪತ್ತು ವರ್ಷಗಳ ಸತ್ಯ ಮರೆಯಾಗಬಾರದು. ಗುರು ತೀರಿ, ಜೊತೆಯವರು ಚದುರಿ, ಆಡುವ ಕಣವೇ ಇಲ್ಲದಾದ ಮೇಲೂ ಒಬ್ಬ ಮನುಷ್ಯ ಬಾಲ್ಯದಲ್ಲಿ ಕಲಿತ ಮೂರು ಹೆಜ್ಜೆಗಳನ್ನು ಕಾಲಿನಲ್ಲಿ ಉಳಿಸಿಕೊಂಡಿದ್ದ. ಶಾಲೆಯೂ ಕಚೇರಿಯೂ ಕೈಬಿಟ್ಟದ್ದನ್ನು ಒಂದು ಕೇರಿಯ ಅಂಗಳ ಹೇಗೆ ಕಾಯುತ್ತದೆಂಬುದನ್ನು ಗಡಿನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.